ಶ್ರುತದಾನದ ಚಿತ್ರಪತ್ರಗಳು: ಮನೆತನದ ನೆನಪು ಮತ್ತು ಕಲ್ಪನೆಯ ಲೋಕ

ಅಗಲಿದ ಹಿರಿಯರ ಸ್ಮರಣೆಗಾಗಿಯೋ, ಕೈಗೊಂಡ ನೋಂಪಿಯ ಪೂರ್ತಿಗಾಗಿಯೋ ಕುಶಲಿಯೊಬ್ಬನಿಂದ ಒಂದು ಕೃತಿಯನ್ನು ಮಾಡಿಸಿ ಪೂಜ್ಯರಿಗೆ ಕಾಣಿಕೆಯಾಗಿ ಒಪ್ಪಿಸುವ ಪದ್ಧತಿಯು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ಹಾಗೆ ಮಾಡಿಸಿದ ಕೃತಿಗಳು ಕಂಡದ್ದನ್ನು ಕಂಡಂತೆ ಚಿತ್ರಿಸುವುದು ವಿರಳ. ಮನಸ್ಸು ಕಲ್ಪಿಸಿಕೊಂಡ ಲೋಕವೊಂದನ್ನು ರಚಿಸಿ, ತಮ್ಮವರಿಗೆ ಅಲ್ಲಿ ಒಂದು ನೆಲೆಯನ್ನು ಕೊಡುವುದೇ ಅವುಗಳ ಉದ್ದೇಶ. ವೀರಗಲ್ಲುಗಳು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ದೇವಸನ್ನಿಧಿ. ಕಾಳಗವನ್ನು ಊರವರು ಕಂಡಿರಬಹುದು, ಉಳಿದೆರಡನ್ನು ಕಂಡವರಿಲ್ಲ. ಆದರೂ ಬದುಕಿ ಉಳಿದವರಿಗೆ ಬೇಕಾದುದು ಆ ಕಾಣದ ಎರಡು ಪಟ್ಟಿಕೆಗಳೇ ಆಗಿದ್ದವು. ಕಲ್ಲಿನಲ್ಲಿ ನಡೆದ ಈ ಕೆಲಸವು ಓಲೆಗರಿಯಲ್ಲಿ ಹೇಗೆ ನಡೆಯಿತು, ಮತ್ತು ಅದರ ಉಳಿವಿಗೆ ಕಾರಣವೇನು ಎಂಬುದು ಇಲ್ಲಿ ವಿಚಾರಣೀಯ.

ಭೀಮಾನದಿಯ ದಡದಲ್ಲಿರುವ ಮಣ್ಣೂರ ಗ್ರಾಮವು ಇಂದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿಗೆ ಸೇರಿದೆ. ಅದೇ ಜಿಲ್ಲೆಯಲ್ಲಿ, ಮುಂದೆ ಭೀಮೆಯನ್ನು ಕೂಡಿಕೊಳ್ಳುವ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಈ ಸೀಮೆಯ ಜೈನ ಶಾಸನಗಳಲ್ಲಿ ಅನೇಕವನ್ನು ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟವಾದ ತಮ್ಮ ದಕ್ಷಿಣಭಾರತದ ಜೈನಧರ್ಮ ಕುರಿತ ಗ್ರಂಥದಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಗ್ರಂಥಗಳನ್ನು ಬರೆಯಿಸಿ ದಾನಮಾಡುವ ಪರಂಪರೆಯ ಎರಡು ಮುಖ್ಯ ಎಳೆಗಳು ಈ ಭೀಮಾ ಸೀಮೆಯ ರಾಜಧಾನಿಯೊಡನೆಯೇ ಹೊಂದಿಕೊಂಡಿವೆ. ಒಂದು, ಪೊನ್ನನ ಶಾಂತಿಪುರಾಣ. ಇನ್ನೊಂದು, ಧವಲ ಜಯಧವಲ ಟೀಕೆಗಳು.

ಮೂರನೆಯ ಕೃಷ್ಣನಿಂದ (ಕ್ರಿ.ಶ. 939–967) ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಪೊನ್ನನು ಹದಿನಾರನೆಯ ತೀರ್ಥಂಕರನ ಚರಿತೆಯನ್ನು ಶಾಂತಿಪುರಾಣವೆಂಬ ಚಂಪುವಾಗಿ ರಚಿಸಿದನು. ಇದನ್ನು ಬರೆಯಿಸಿದವರು ಮಲ್ಲಪಯ್ಯ, ಪುನ್ನಮಯ್ಯ ಎಂಬ ಸೋದರರು. ತಮ್ಮ ಗುರುಗಳಾದ ಜಿನಚಂದ್ರದೇವರು ದೇಹವನ್ನು ಬಿಟ್ಟ ಮೇಲೆ ಅವರ ಸ್ಮರಣೆಗೆಂದು ಈ ಕಾವ್ಯವನ್ನು ಬರೆಯಿಸಿದರು. ಕಣ್ಮರೆಯಾದ ಗುರುವಿಗೆ ಸಲ್ಲಿಸುವ ಇಂತಹ ಗೌರವವನ್ನು ನಿಸಿದಿ ಶಾಸನಗಳು ಪರೋಕ್ಷವಿನಯವೆಂದು ಕರೆಯುತ್ತವೆ. ಶಾಂತಿಪುರಾಣವನ್ನು ಅಕ್ಷರಗಳಲ್ಲಿ ನಿಲ್ಲಿಸಿದ ನಿಸಿದಿಯೆಂದರೆ ತಪ್ಪಾಗದು.

ಮಲ್ಲಪಯ್ಯನ ಮಗಳು ಅತ್ತಿಮಬ್ಬೆ. ಇಮ್ಮಡಿ ತೈಲಪನ ಮಂತ್ರಿಯಾದ ದಲ್ಲಪನ ಮಗ ನಾಗದೇವನಿಗೆ ಆಕೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟಿದ್ದರು. ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗ ಅಣ್ಣಿಗದೇವನನ್ನು ಸಾಕುತ್ತ ವ್ರತನಿಯಮಗಳಲ್ಲಿ ಉಳಿದಳು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೂ, ಚಿನ್ನ ಮತ್ತು ರತ್ನಗಳ ಸಾವಿರದೈನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತವಳೂ ಈಕೆಯೇ ಎಂಬುದು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ರನ್ನನಿಂದ ಅಜಿತಪುರಾಣವನ್ನು (ಕ್ರಿ.ಶ. 993) ಬರೆಯಿಸಿದವಳೂ ಈಕೆ. ಲಕ್ಕುಂಡಿಯ ಬಸದಿಯಲ್ಲಿರುವ 1007ರ ಶಾಸನವು ಈ ದಾನಚಿಂತಾಮಣಿಯನ್ನು ಕೊಂಡಾಡುತ್ತದೆ. ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟನು. ಹೀಗೆ ಕೃತಿಯನ್ನು ಬರೆಯಿಸಿದವಳ ನೆನಪು ಬರೆದವನ ಮನೆಯೊಳಗೂ ನೆಲೆಗೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ತಂದೆಯ ಮನೆಯ ನೆನಪಾಗಿದ್ದ ಕೃತಿಯನ್ನು ಅತ್ತಿಮಬ್ಬೆಯು ಪೆಟ್ಟಿಗೆಯಲ್ಲಿಟ್ಟು ಕಾಯಲಿಲ್ಲ. ಸಾವಿರ ಕೈಗಳಿಗೆ ಒಪ್ಪಿಸಿದಳು. ಪೊನ್ನನದೇ ಇನ್ನೊಂದು ಕೃತಿಯಾದ ಭುವನೈಕರಾಮಾಭ್ಯುದಯವು ಇಂದು ಲಭ್ಯವಿಲ್ಲ, ಶಾಂತಿಪುರಾಣವು ಲಭ್ಯವಿದೆ. ಒಂದು ಕೃತಿಯ ಅಳಿವು ಉಳಿವುಗಳಿಗೆ ಕಾರಣಗಳು ಹಲವಿರಬಹುದಾದರೂ, ಪ್ರತಿಗಳು ಹಲವೆಡೆ ಹರಡಿದ ಗ್ರಂಥಕ್ಕೆ ಆಯುಷ್ಯ ಹೆಚ್ಚೆಂಬುದು ಹಸ್ತಪ್ರತಿಗಳೊಡನೆ ವ್ಯವಹರಿಸುವವರೆಲ್ಲರ ಅನುಭವ.

ಎರಡನೆಯ ಎಳೆಯಲ್ಲಿ ಅಕ್ಷರದ ಜೊತೆಗೆ ಚಿತ್ರವೂ ಬಂದು ಸೇರುತ್ತದೆ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲ ಟೀಕೆಯು 816ರಲ್ಲಿ ಮುಗಿಯಿತು. ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿದ ಜಯಧವಲ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಅಮೋಘವರ್ಷನ ಆಳಿಕೆಯಲ್ಲಿ, 837ರಲ್ಲಿ, ಪೂರೈಸಿದರು. ಅದರ ಅರುವತ್ತು ಸಾವಿರ ಗ್ರಂಥಗಳಲ್ಲಿ ಇಪ್ಪತ್ತು ಸಾವಿರ ಗುರುವಿನದು, ನಲವತ್ತು ಸಾವಿರ ಶಿಷ್ಯನದು. ಈ ಟೀಕೆಗಳೂ ಮಹಾಧವಲವೆಂದು ಹೆಸರಾದ ಮಹಾಬಂಧವೂ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು.

ಈ ಪ್ರತಿಗಳನ್ನು ಮಾಡಿಸಿದವರ ವಿವರಗಳು ಪ್ರಶಸ್ತಿಗಳಿಂದ ತಿಳಿದುಬರುತ್ತವೆ. ಧವಲದ ಪ್ರತಿಯನ್ನು ಭುಜಬಲ ಗಂಗ ಪೆರ್ಮಾಡಿಯ ಅತ್ತೆಯಾದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬಾಕೆ ಅಂತಹುದೇ ಉದ್ಯಾಪನೆಯಲ್ಲಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಜ್ಯೇಷ್ಠ ಶುದ್ಧ ಪಂಚಮಿಯು ಆಗಮವು ಮೊದಲ ಬಾರಿಗೆ ಬರೆಹಕ್ಕಿಳಿದು ಪೂಜೆಗೊಂಡ ದಿನವೆಂದು ಪರಂಪರೆಯು ನಂಬುತ್ತದೆ. ಆ ದಿನದ ನೋಂಪಿಯನ್ನು ಮುಗಿಸುವ ಗೃಹಿಣಿಗೆ ಗ್ರಂಥಕ್ಕಿಂತ ಉಚಿತವಾದ ಕಾಣಿಕೆ ಬೇರೊಂದಿರಲಾರದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಹೀಗೆ ಮನೆಯ ಹೆಣ್ಣುಮಕ್ಕಳ ಕೈಯಿಂದ ನಡೆದುದು ವಿಶೇಷವಾಗಿ ಗಮನಾರ್ಹ.

ಈ ಕಟ್ಟುಗಳ ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳಿವೆ. ಕಲೆಯ ಇತಿಹಾಸಕಾರರಾದ ಸಿ. ಶಿವರಾಮಮೂರ್ತಿಯವರು ಇವುಗಳನ್ನು ಹೊಯ್ಸಳರ ಕಾಲದ ಚಿತ್ರಕಲೆಯ ಅಪೂರ್ವ ಮಾದರಿಗಳೆಂದು ವಿವೇಚಿಸಿದರು. ಧವಲದ ಪ್ರತಿಯನ್ನು 1113ರದೆಂದು ಗಣಿಸಲಾಗಿದೆ. ಅಂಗುಲಗಳಷ್ಟೇ ಅಗಲವಾದ ಗರಿಯಲ್ಲಿ ಚಿತ್ರಕಾರನಿಗೆ ದೊರೆತ ಸ್ಥಳ ಬಹಳ ಕಿರಿದು. ದಾರ ಪೋಣಿಸುವ ರಂಧ್ರಗಳನ್ನೂ ಬರೆಹದ ಸಾಲುಗಳನ್ನೂ ಬಿಟ್ಟು, ಮಿಕ್ಕ ಜಾಗದಲ್ಲಿ ಆತನು ಒಂದು ಲೋಕವನ್ನೇ ತುಂಬಿದನು. ತೀರ್ಥಂಕರರು, ನಾಗನ ಹೆಡೆಯ ನೆರಳಿನ ಪಾರ್ಶ್ವನಾಥ, ಬಾಹುಬಲಿ, ಶ್ರುತದೇವಿ, ವೃಷಭದ ಬಳಿಯ ಕಾಳಿ ಯಕ್ಷಿ, ಹಂಸವಾಹನೆ ಮಹಾಮಾನಸಿ ಮೊದಲಾದವರು ಇಲ್ಲಿದ್ದಾರೆ. ಜೊತೆಗೆ ಕೈಮುಗಿದ ಭಕ್ತರೂ ಇದ್ದಾರೆ. ಇವರನ್ನು ಗ್ರಂಥವನ್ನು ಮಾಡಿಸಿದ ಮನೆತನದವರೆಂದು ಭಾವಿಸುವುದು ಸಹಜ. ಹಾಗಿದ್ದಲ್ಲಿ, ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಕಂಡ ಆಶಯವೇ ಇಲ್ಲಿಯೂ ಕಾಣುತ್ತದೆ. ಯಾರೂ ಕಂಡಿರದ ಯಕ್ಷಯಕ್ಷಿಯರ ಸಾಲಿನಲ್ಲಿ ಮನೆಯವರಿಗೂ ಒಂದು ಮೂಲೆ ದೊರೆತಿದೆ; ವ್ಯತ್ಯಾಸವಿಷ್ಟೆ, ಇಲ್ಲಿ ಸಾವಿನ ಬದಲು ನೋಂಪಿಯು ನಿಮಿತ್ತವಾಗಿದೆ.

ಈ ಚಿತ್ರಗಳಲ್ಲಿ ಅಂಬಿಕೆಯದು ವಿಶೇಷವಾದುದು. ಮಾವಿನ ಮರದ ಕೆಳಗೆ ಇಬ್ಬರು ಮಕ್ಕಳೊಡನೆ, ಸಿಂಹದ ಜೊತೆಗೆ ಆಕೆಯನ್ನು ಚಿತ್ರಿಸುವುದು ವಾಡಿಕೆ. ಪುರಾಣದ ಪ್ರಕಾರ ಯಕ್ಷಿಯಾಗುವ ಮೊದಲು ಆಕೆಯು ಮಕ್ಕಳನ್ನು ಕಟ್ಟಿಕೊಂಡು ಮನೆಯಿಂದ ಹೊರಬೀಳಬೇಕಾಗಿ ಬಂದ ಗೃಹಿಣಿ; ಅದಕ್ಕೆ ನಿಮಿತ್ತವಾದುದು ಮುನಿಗೆ ಆಹಾರವನ್ನಿತ್ತ ಆಕೆಯ ದಾನವೇ. ದಾನಶೀಲೆಯಾದ ಸ್ತ್ರೀಯೊಬ್ಬಳು ಮಾಡಿಸಿದ ಗ್ರಂಥದಲ್ಲಿ ಇಂತಹ ದೇವಿಯು ಕಾಣಿಸಿಕೊಂಡುದು ಬರಿಯ ಅಲಂಕಾರವೆಂದು ತೋರುವುದಿಲ್ಲ.

ಮಾಡಿಸಿದವರ ಹೆಸರುಗಳು ಪ್ರಶಸ್ತಿಗಳಲ್ಲಿವೆ. ಸ್ವೀಕರಿಸಿದ ಮುನಿಗಳ ಹೆಸರುಗಳಿವೆ. ಕುಂಚವನ್ನು ಹಿಡಿದವನು ಮಾತ್ರ ಅನಾಮಧೇಯನಾಗಿದ್ದಾನೆ. ಮನೆತನದ ಮನಸ್ಸಿನಲ್ಲಿದ್ದ ಅಸ್ಪಷ್ಟ ಭಕ್ತಿಗೆ ಕಣ್ಣು, ಬಣ್ಣ, ಭಂಗಿಗಳನ್ನು ಕೊಟ್ಟವನು ಆತನೇ. ಅವನ ಋಣವು ಇಂದಿಗೂ ತೀರದೆ ಉಳಿದಿದೆ ಎನ್ನಬೇಕು.

ದಾನದಿಂದ ಗ್ರಂಥಗಳು ಉಳಿದುವೆಂಬ ಮಾತಿಗೂ ಒಂದು ಮಿತಿಯುಂಟು. ಮೂಡುಬಿದಿರೆಯ ಭಂಡಾರವು ಈ ಕಟ್ಟುಗಳನ್ನು ಶತಮಾನಗಳ ಕಾಲ ಕಾಪಾಡಿತು. ಆದರೆ ಅವು ಬಹುಕಾಲ ದರ್ಶನಕ್ಕೆ ಮಾತ್ರ ದೊರೆತವು, ಓದಿಗೆ ದೊರೆಯಲಿಲ್ಲ. ಬೇರೆಡೆ ಪ್ರತಿಗಳಿಲ್ಲದ ಕಾರಣ, ನಷ್ಟವಾದ ಕೆಲವು ಗರಿಗಳ ಪಾಠವನ್ನು ತುಂಬಿಕೊಳ್ಳಲು ಆಧಾರವೇ ಇಲ್ಲವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲವು ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ದೇಮಿಯಕ್ಕನ ದಾನವು ಆಗ ಎರಡನೆಯ ಬಾರಿ ಪೂರ್ಣವಾಯಿತೆನ್ನಬಹುದು. ಒಪ್ಪಿಸಿದ ಕಾಣಿಕೆಯು ಮತ್ತೆ ಪ್ರತಿಗೊಳ್ಳುತ್ತಿದ್ದರೆ ಮಾತ್ರ ಬಾಳುತ್ತದೆ ಎಂಬ ಅತ್ತಿಮಬ್ಬೆಯ ವಿವೇಕವು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಇಂದಿಗೂ ಕನ್ನಡ ಮನೆಗಳಲ್ಲಿ ತೀರಿಕೊಂಡ ತಂದೆತಾಯಿಯರನ್ನು ದೇವರ ಸನ್ನಿಧಿಯಲ್ಲಿ ಕುಳಿತಂತೆ ಬರೆಯಿಸಿ, ಮದುವೆಗೋ ಗೃಹಪ್ರವೇಶಕ್ಕೋ ಕಾಣಿಕೆಯಾಗಿ ಕೊಡುವವರುಂಟು. ಇದನ್ನು ಹೊಸಕಾಲದ ಹುಚ್ಚೆಂದು ತಳ್ಳಿಹಾಕುವುದು ಉಚಿತವಲ್ಲ. ಇದರ ಬೇರು ಆ ಓಲೆಗರಿಗಳವರೆಗೂ ಇಳಿದಿದೆ. ಆದರೆ ಹಿಂದಿನವರು ಪಾಲಿಸಿದ ಎರಡು ಕ್ರಮಗಳನ್ನು ಇಂದಿನವರೂ ಪಾಲಿಸುವುದು ಲೇಸು. ಚಿತ್ರದ ಹಿಂಬದಿಯಲ್ಲಿ, ಪ್ರಶಸ್ತಿಯಂತೆ, ಯಾರು ಯಾರಿಗಾಗಿ ಯಾವ ನಿಮಿತ್ತದಿಂದ ಯಾವ ವರ್ಷ ಮಾಡಿಸಿದರೆಂಬುದನ್ನು ಬರೆಯಿಸುವುದು ಒಂದು. ಮನೆತನದ ಕವಲುಗಳಿಗೆಲ್ಲ ಅದರ ಪ್ರತಿಗಳನ್ನು ಹಂಚುವುದು ಇನ್ನೊಂದು. ಹಿಂದಿನವರು ಮರೆತ ಮೂರನೆಯದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು: ಚಿತ್ರ ಬರೆದವನ ಹೆಸರು. ಇದಿಷ್ಟು ನಡೆದರೆ, ಒಂಬೈನೂರು ವರ್ಷಗಳ ಅನಂತರ ಅದನ್ನು ಕೈಗೆತ್ತಿಕೊಳ್ಳುವವನಿಗೆ ದೇವತೆಗಳ ನಡುವೆ ಕೈಮುಗಿದು ನಿಂತವರು ಯಾರೆಂದು ಊಹಿಸಬೇಕಾದ ಪ್ರಸಂಗ ಬಾರದು.