ಬಂದೂಕಿನ ಪ್ರಶ್ನೆ, ಯುವಜನರ ಉತ್ತರ

ಅಮೆರಿಕದ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಭರವಸೆ ಮೂಡುತ್ತದೆ: ಹೊಸ ತಲೆಮಾರು ಮತಗಟ್ಟೆಗೆ ಬರಲಿ, ಬಂದೂಕಿನ ಕಾನೂನು ತಾನಾಗಿ ಬಿಗಿಯಾಗುತ್ತದೆ. ಬೆನ್ನಿಗೇ ಇದಕ್ಕೆ ತದ್ವಿರುದ್ಧವಾದ ಮಾತು ಬರುತ್ತದೆ: ಯುವಜನರೂ ಹಿರಿಯರಂತೆಯೇ, ವ್ಯತ್ಯಾಸವೇನಿಲ್ಲ. ಎರಡೂ ಮಾತಿಗೆ ಆಧಾರ ಜನಾಭಿಪ್ರಾಯ ಸಮೀಕ್ಷೆಗಳೇ. ಸಮೀಕ್ಷೆಯ ಕಸುಬಿನಲ್ಲಿ ಬಹುಕಾಲ ಕಳೆದ ನನಗೆ ಎರಡೂ ಅವಸರದ ಓದು ಎನಿಸುತ್ತವೆ.

ಈ ಸಮೀಕ್ಷೆಗಳ ಆರಂಭದ ಕಥೆ ಚಿಕ್ಕದು. 1936ರ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿಯೂ ಫಲಿತಾಂಶ ಹೇಳುವಲ್ಲಿ ಎಡವಿತು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಜಾರ್ಜ್ ಗ್ಯಾಲಪ್ ರೂಸ್‌ವೆಲ್ಟ್ ಗೆಲುವನ್ನು ಮುಂಚೆಯೇ ಹೇಳಿದರು. 1938ರಲ್ಲಿ ಪಿಸ್ತೂಲು, ರಿವಾಲ್ವರುಗಳ ನೋಂದಣಿ ಕಡ್ಡಾಯವಾಗಬೇಕೇ ಎಂದು ಅವರ ಸಂಸ್ಥೆ ಕೇಳಿದಾಗ ಶೇ 79 ಮಂದಿ ಹೌದೆಂದರು. 1972ರಲ್ಲಿ ಆರಂಭವಾದ ‘ಜನರಲ್ ಸೋಷಿಯಲ್ ಸರ್ವೆ’ ಬಂದೂಕು ಕೊಳ್ಳಲು ಪೊಲೀಸ್ ಪರವಾನಗಿ ಬೇಕೇ ಎಂಬ ಪ್ರಶ್ನೆಯನ್ನು ದಶಕಗಳ ಕಾಲ ಬಹುತೇಕ ಅದೇ ಮಾತುಗಳಲ್ಲಿ ಕೇಳುತ್ತ ಬಂತು. ಬಹುಮತ ಯಾವಾಗಲೂ ಪರವಾಗಿಯೇ ಇತ್ತು.

ಹಾಗಿದ್ದರೆ ದೇಶಕ್ಕೆಲ್ಲ ಅಂಥ ಕಾನೂನು ಏಕೆ ಬರಲಿಲ್ಲ? 1970ರ ದಶಕದ ಕೊನೆಯಲ್ಲಿ ಸಮಾಜಶಾಸ್ತ್ರಜ್ಞರಾದ ಹೋವರ್ಡ್ ಷೂಮನ್ ಮತ್ತು ಸ್ಟ್ಯಾನ್ಲಿ ಪ್ರೆಸರ್ ಈ ಒಗಟನ್ನು ಕೈಗೆತ್ತಿಕೊಂಡರು. ಈ ಕ್ಷೇತ್ರ ನಿಜವಾಗಿ ವಯಸ್ಸಿಗೆ ಬಂದದ್ದು ಅಲ್ಲಿಂದ ಎಂದು ನನ್ನ ನಂಬಿಕೆ. ಎಷ್ಟು ಮಂದಿ ಹೌದೆಂದರು ಎಂಬಲ್ಲಿಗೆ ಅವರು ನಿಲ್ಲಲಿಲ್ಲ. ಆ ನಿಲುವಿಗಾಗಿ ಯಾರು ಪತ್ರ ಬರೆದರು, ಯಾರು ಹಣ ಕೊಟ್ಟರು ಎಂದೂ ಕೇಳಿದರು. ಅದರಲ್ಲಿ ನಿಯಂತ್ರಣದ ವಿರೋಧಿಗಳೇ ಮುಂದಿದ್ದರು. ಈ ಪಾಠ ಇಂದಿಗೂ ಹಳತಾಗಿಲ್ಲ. ಖರೀದಿದಾರರ ಹಿನ್ನೆಲೆ ತಪಾಸಣೆಗೆ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಭಾರಿ ಬೆಂಬಲವಿದ್ದಾಗಲೇ, 2016ರಲ್ಲಿ ಮೇನ್ ರಾಜ್ಯದ ಮತದಾರರು ಅದನ್ನು ವಿಸ್ತರಿಸುವ ಪ್ರಸ್ತಾಪವನ್ನು ಸೋಲಿಸಿದರು.

ನಮ್ಮ ತಲೆಮಾರಿನ ಸಮೀಕ್ಷಕರಿಗೆ ಎದುರಾದ ತೊಡಕು ಬೇರೆ. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಯುವಜನರು ಲ್ಯಾಂಡ್‌ಲೈನ್ ಬಿಟ್ಟು ಮೊಬೈಲಿಗೆ ಹೋದರು. ಮನೆಯ ಫೋನಿಗೆ ಸಿಕ್ಕ ಕೆಲವೇ ಯುವಕರ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು, ಅವರನ್ನೇ ಇಡೀ ತಲೆಮಾರಿನ ಪ್ರತಿನಿಧಿಗಳೆಂದು ನಂಬಬೇಕಾಯಿತು. ತಂದೆ ತಾಯಿಯ ಜೊತೆಗಿರುವವರ ನಿಲುವು ಬಾಡಿಗೆ ಕೋಣೆಯಲ್ಲಿರುವವರ ನಿಲುವೇ ಆಗಬೇಕಿಲ್ಲ. ಮೊಬೈಲ್ ಸಂಖ್ಯೆಗಳನ್ನು ಮಾದರಿಗೆ ಸೇರಿಸಲು ನಡೆಸಿದ ಹೋರಾಟ ಹೊರಗಿನವರಿಗೆ ಕಾಣದ ಕೆಲಸ. ಆದರೆ ಯುವಜನರ ಬಗ್ಗೆ ಇಂದು ಏನಾದರೂ ಹೇಳಬಹುದಾಗಿದ್ದರೆ ಅದರಿಂದಲೇ.

ಪ್ರಶ್ನೆಯ ಮಾತೂ ಮುಖ್ಯ. ಬಂದೂಕಿನ ಹಕ್ಕು ಕಾಪಾಡುವುದು ಮುಖ್ಯವೋ, ನಿಯಂತ್ರಣ ಮುಖ್ಯವೋ ಎಂಬ ಪ್ಯೂ ಸಂಶೋಧನಾ ಸಂಸ್ಥೆಯ ಹಳೆಯ ಪ್ರಶ್ನೆ ಎರಡನ್ನೂ ಬಯಸುವವರನ್ನು ಒಂದು ಕಡೆಗೆ ತಳ್ಳುತ್ತಿತ್ತು. ಏನನ್ನು ಯಾವುದಕ್ಕೆ ಹೋಲಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. 2018ರ ಫೆಬ್ರುವರಿಯಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಹತರಾದ ಬಳಿಕ, ಯುವಜನರಿಗೂ ಹಿರಿಯರಿಗೂ ಹೆಚ್ಚು ಅಂತರವಿಲ್ಲ ಎಂಬ ವರದಿಗಳು ಬಂದವು. ಅದೇ ವರ್ಷ ಹಾರ್ವರ್ಡ್‌ನ ಯುವ ಸಮೀಕ್ಷೆಯಲ್ಲಿ 18ರಿಂದ 29ರ ಪ್ರಾಯದವರಲ್ಲಿ ಶೇ 64 ಮಂದಿ ಕಾನೂನು ಬಿಗಿಯಾಗಬೇಕೆಂದರು. 2013ರಲ್ಲಿ ಅದು ಶೇ 49 ಇತ್ತು. ಇವೆರಡರ ನಡುವೆ ವಿರೋಧವಿಲ್ಲ. ಮೊದಲನೆಯದು ಒಂದೇ ಕಾಲದ ಎರಡು ಪ್ರಾಯಗಳ ಹೋಲಿಕೆ, ಎರಡನೆಯದು ಒಂದೇ ಪ್ರಾಯದ ಎರಡು ಕಾಲಗಳ ಹೋಲಿಕೆ. 2013ರಲ್ಲಿ 18ರಿಂದ 24ರವರಾಗಿದ್ದವರು 2018ರಲ್ಲೂ ಅದೇ ಗುಂಪಿನಲ್ಲಿದ್ದರು. ಆದ್ದರಿಂದ ಈ ಏರಿಕೆಯನ್ನು ಹೊಸ ತಲೆಮಾರಿನ ಹುಟ್ಟುಗುಣವೆನ್ನುವಂತಿಲ್ಲ. ಘಟನೆಗಳು ಮನಸ್ಸು ತಿರುಗಿಸಿರುವ ಸಾಧ್ಯತೆ ದೊಡ್ಡದು. ಘಟನೆಯಿಂದ ಏರಿದ್ದು ಕಾಲ ಸರಿದಂತೆ ಇಳಿಯಲೂಬಹುದು.

ಯಾರು ಬೇಕಾದರೂ ಸೇರಬಹುದಾದ ಈಚಿನ ಆನ್‌ಲೈನ್ ಸಮೀಕ್ಷೆಗಳು ಅಗ್ಗ, ಶೀಘ್ರ. ನಂಬಿಕೆಗೆ ಮಾತ್ರ ಕಷ್ಟ. ಇಂಥ ಸಮೀಕ್ಷೆಯ ಗುಂಪಿನಲ್ಲಿ ಪ್ಯೂ ನಡೆಸಿದ ಪರೀಕ್ಷೆಯೊಂದರಲ್ಲಿ, 30ರೊಳಗಿನವರೆಂದು ಹೇಳಿಕೊಂಡವರಲ್ಲಿ ಶೇ 12 ಮಂದಿ ತಮಗೆ ಅಣು ಜಲಾಂತರ್ಗಾಮಿ ನಡೆಸುವ ಪರವಾನಗಿ ಇದೆ ಎಂದರು. ಇಂಥ ಅಂಕಿಗಳ ಮೇಲೆ ಒಂದು ತಲೆಮಾರಿನ ಚಿತ್ರ ಬರೆಯುವುದು ಅನ್ಯಾಯ.

ಸಮೀಕ್ಷೆಗಳ ಚಿತ್ರದಲ್ಲಿ ಎರಡು ಕಡೆ ಇನ್ನೂ ಖಾಲಿ ಇದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಶಾಲೆಗಳಲ್ಲಿ ಬಾಗಿಲು ಹಾಕಿ ಅಡಗುವ ಅಭ್ಯಾಸ ಮಾಡುತ್ತಾರೆ. ಆದರೆ ಸಾಮಾನ್ಯ ಗಾತ್ರದ ರಾಷ್ಟ್ರೀಯ ಮಾದರಿಯಲ್ಲಿ ಏಷ್ಯಾ ಮೂಲದವರೇ ಕಡಿಮೆ, ಅವರಲ್ಲಿ ಯುವಜನರನ್ನು ಬೇರ್ಪಡಿಸಿದರೆ ಉಳಿಯುವುದು ಬೆರಳೆಣಿಕೆ. ಎರಡನೆಯದು ಇನ್ನೂ ದೊಡ್ಡದು. ಪ್ರಮುಖ ಸಮೀಕ್ಷೆಗಳು ಸಾಮಾನ್ಯವಾಗಿ 18 ತುಂಬಿದವರನ್ನಷ್ಟೇ ಕೇಳುತ್ತವೆ. 2018ರಲ್ಲಿ ಪ್ಯೂ 13ರಿಂದ 17ರವರನ್ನು ಕೇಳಿದಾಗ ಶೇ 57 ಮಂದಿ ತಮ್ಮ ಶಾಲೆಯಲ್ಲೂ ದಾಳಿ ನಡೆದೀತೆಂಬ ಆತಂಕ ಹೇಳಿಕೊಂಡರು. 2020ರಿಂದ ಅಮೆರಿಕದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು. ಹಾಗಿರುವಾಗ ಅವರನ್ನು ಪ್ರತಿವರ್ಷ, ಒಂದೇ ಮಾತಿನ ಪ್ರಶ್ನೆಯಿಂದ ಕೇಳಬೇಕು. ಹೌದೆಂದವರು ಆ ನಿಲುವಿಗಾಗಿ ಏನು ಮಾಡಿದರು ಎಂದೂ ಕೇಳಬೇಕು. ಮತ ಹಾಕುವ ವಯಸ್ಸಿಗೆ ಬಂದಾಗ ಅವರು ಏನು ಮಾಡುತ್ತಾರೆಂಬ ಭವಿಷ್ಯವಾಣಿಗಿಂತ ಆ ದಾಖಲೆ ಹೆಚ್ಚು ಬೆಲೆಯುಳ್ಳದ್ದು.