ಸಂಶೋಧನಾ ಅನುದಾನ ಪ್ರಸ್ತಾವನೆ

ವಿಶ್ವವಿದ್ಯಾಲಯದ ಅಧ್ಯಾಪಕರು ತಾವು ಕೈಗೊಳ್ಳಲಿರುವ ಸಂಶೋಧನೆಗೆ ಧನಸಹಾಯ ಕೋರಿ ಅನುದಾನ ಸಂಸ್ಥೆಗೆ ಸಲ್ಲಿಸುವ ಯೋಜನಾ ಬರಹ. ಬರುವ ಅರ್ಜಿಗಳಿಗೆ ಹೋಲಿಸಿದರೆ ಹಣ ಕಡಿಮೆ. ಆದ್ದರಿಂದ ವಿಷಯತಜ್ಞರ ಪರಿಶೀಲನೆಯಲ್ಲಿ ಮುಂದೆ ನಿಂತವುಗಳಿಗೆ ಮಾತ್ರ ಮಂಜೂರಾತಿ ದೊರೆಯುತ್ತದೆ.

ಅನುದಾನ ಸಂಸ್ಥೆಗಳು: ಭಾರತದಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಕ್ಷೇತ್ರಗಳ ಸಂಶೋಧನೆಗೆ 2008ರ ಕಾಯ್ದೆಯಡಿ ಸ್ಥಾಪಿತವಾದ ಎಸ್‌ಇಆರ್‌ಬಿ ಮಂಡಳಿ ಅನುದಾನ ನೀಡುತ್ತಿತ್ತು. 2023ರ ಕಾಯ್ದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ರಚನೆಯಾಗಿ, ಮಂಡಳಿ ಅದರಲ್ಲಿ ಲೀನವಾಯಿತು. ವೈದ್ಯಕೀಯ ಸಂಶೋಧನೆಗೆ ಐಸಿಎಂಆರ್, ಸಮಾಜವಿಜ್ಞಾನಗಳಿಗೆ 1969ರಲ್ಲಿ ಆರಂಭವಾದ ಐಸಿಎಸ್‌ಎಸ್‌ಆರ್ ಇವೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ ಕೂಡ ನೆರವು ನೀಡುತ್ತದೆ.

ಪ್ರಶ್ನೆ ಮತ್ತು ವಿಧಾನ: ಪ್ರಸ್ತಾವನೆಯ ಜೀವಾಳ ಅದರ ಪ್ರಶ್ನೆ. 'ಕೋಲಾರ ಜಿಲ್ಲೆಯ ಅಂತರ್ಜಲದ ಅಧ್ಯಯನ' ಎಂಬುದು ಬರಿಯ ವಿಷಯ. ಕೊಳವೆಬಾವಿಯ ಆಳ ಹೆಚ್ಚಿದಂತೆ ನೀರಿನ ಫ್ಲೋರೈಡ್ ಹೆಚ್ಚುತ್ತದೆಯೇ, ಮಳೆಗಾಲದ ನಂತರ ಅದು ಇಳಿಯುತ್ತದೆಯೇ ಎಂದು ಕೇಳಿದಾಗ ಅದು ಸಂಶೋಧನೆಯ ಪ್ರಶ್ನೆಯಾಗುತ್ತದೆ. ಉಳಿದುದೆಲ್ಲ ಅದರಿಂದಲೇ ಹೊರಡುತ್ತದೆ: ಬೇರೆಬೇರೆ ಆಳದ ಬಾವಿಗಳನ್ನು ಆರಿಸಬೇಕು, ಮಳೆಗೆ ಮುನ್ನ ಮತ್ತು ನಂತರ ಅದೇ ಬಾವಿಗಳಿಂದ ಮಾದರಿ ತರಬೇಕು, ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆಯಬೇಕು, ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯೊಡನೆ ಹೋಲಿಸಬೇಕು. ಈಗಾಗಲೇ ಕೆಲವು ಬಾವಿಗಳ ನೀರನ್ನು ಪರೀಕ್ಷಿಸಿ ಪಡೆದ ಪ್ರಾಥಮಿಕ ದತ್ತಾಂಶವಿದ್ದರೆ, ಈ ಕೆಲಸ ಅರ್ಜಿದಾರರಿಂದ ಆಗುತ್ತದೆಂಬ ಭರವಸೆ ಪರಿಶೀಲಕರಿಗೆ ಮೂಡುತ್ತದೆ.

ಆಯವ್ಯಯ: ಸಿಬ್ಬಂದಿ, ಉಪಕರಣ, ರಾಸಾಯನಿಕಗಳು, ಪ್ರಯಾಣ, ಸಾದಿಲ್ವಾರು ಮತ್ತು ಸಂಸ್ಥೆಯ ಓವರ್‌ಹೆಡ್ ಸಾಮಾನ್ಯ ಬಾಬುಗಳು. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಕಿರಿಯ ಸಂಶೋಧನಾ ಫೆಲೋಗೆ ತಿಂಗಳಿಗೆ 37,000, ಹಿರಿಯ ಫೆಲೋಗೆ 42,000 ರೂಪಾಯಿ. ಎರಡು ವರ್ಷ ಕಿರಿಯ, ಒಂದು ವರ್ಷ ಹಿರಿಯ ಎಂದು ಲೆಕ್ಕ ಹಾಕಿದರೆ, ಮೂರು ವರ್ಷದ ಯೋಜನೆಯಲ್ಲಿ ಒಬ್ಬ ಫೆಲೋಗೇ ಮನೆ ಬಾಡಿಗೆ ಭತ್ಯೆ ಬಿಟ್ಟು 13,92,000 ರೂಪಾಯಿ ಬೇಕು. ಪ್ರತಿ ಬಾಬಿಗೂ ಕಾರಣ ಕೊಡಬೇಕು. ವಿಧಾನದಲ್ಲಿ ಹೆಸರೇ ಇಲ್ಲದ ಉಪಕರಣ ಆಯವ್ಯಯದಲ್ಲಿ ಕಾಣಿಸಿಕೊಂಡರೆ ಇಡೀ ಪ್ರಸ್ತಾವನೆಯ ಮೇಲಿನ ವಿಶ್ವಾಸ ಕುಂದುತ್ತದೆ.

ಸಲ್ಲಿಕೆ: ಮನುಷ್ಯರ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರಾಣಿ ಪ್ರಯೋಗಕ್ಕೆ ಪ್ರತ್ಯೇಕ ಸಮಿತಿಯಿದೆ. ಸಂಸ್ಥೆಯ ಮುಖ್ಯಸ್ಥರು ಅಥವಾ ಕುಲಸಚಿವರು ದೃಢೀಕರಣ ಪತ್ರಕ್ಕೆ ಸಹಿ ಹಾಕುತ್ತಾರೆ. ಕೊನೆಯ ದಿನಕ್ಕೆ ಬಹಳ ಮುಂಚೆಯೇ ಈ ಕಾಗದಪತ್ರಗಳ ಕೆಲಸ ಶುರುವಾಗಬೇಕು. ಕರಡನ್ನು ಸ್ವಂತ ವಿಭಾಗದವರಲ್ಲದೆ ಬೇರೆ ಶಾಸ್ತ್ರದವರಿಗೂ ಓದಿಸುವುದು ಒಳ್ಳೆಯದು. ತೀರ್ಮಾನಿಸುವ ಸಮಿತಿಯಲ್ಲಿ ಎಲ್ಲರೂ ಅದೇ ಉಪಶಾಖೆಯ ತಜ್ಞರಾಗಿರುವುದಿಲ್ಲ.

ಮಂಜೂರಾತಿಯ ನಂತರ: ಬರುವುದು ಬಹುಪಾಲು ಸಾರ್ವಜನಿಕರ ಹಣ, ಪ್ರಸ್ತಾವನೆಯಲ್ಲಿ ಕೊಟ್ಟ ಮಾತು ಅವರಿಗೆ ಕೊಟ್ಟ ಮಾತು. ಹಣ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಪ್ರತಿ ವರ್ಷ ಪ್ರಗತಿ ವರದಿ, ಖರ್ಚಿನ ವಿವರ ಮತ್ತು ಹಣ ಬಳಕೆಯ ಪ್ರಮಾಣಪತ್ರ ಸಲ್ಲಿಸಬೇಕು. ಇವು ತಲುಪದಿದ್ದರೆ ಮುಂದಿನ ಕಂತು ತಡೆಹಿಡಿಯಲ್ಪಡುತ್ತದೆ.