ಪ್ರಾಥಮಿಕ ಶಿಕ್ಷಕರ ಪದವಿ ಶಿಕ್ಷಣ

ಒಂದರಿಂದ ಎಂಟನೆಯ ತರಗತಿವರೆಗಿನ ಮಕ್ಕಳಿಗೆ ಪಾಠ ಹೇಳುವವರನ್ನು ವಿಶ್ವವಿದ್ಯಾಲಯದ ಪದವಿಯ ಮೂಲಕ ಸಜ್ಜುಗೊಳಿಸುವ ವ್ಯವಸ್ಥೆ. ಪ್ರೌಢಶಾಲೆಯ ಮೇಷ್ಟ್ರಿಗೆ ಬಿ.ಎಡ್. ಬೇಕು, ಪ್ರಾಥಮಿಕ ಶಾಲೆಯವರಿಗೆ ಟಿ.ಸಿ.ಎಚ್. ಎಂಬ ಶಿಕ್ಷಕ ತರಬೇತಿ ಪ್ರಮಾಣಪತ್ರ ಸಾಕು ಎಂಬ ಲೆಕ್ಕ ಕರ್ನಾಟಕದಲ್ಲಿ ದಶಕಗಳ ಕಾಲ ನಡೆಯಿತು. ಹೀಗಾಗಿ ಅ, ಆ ಕಲಿಸುವ ಕೆಲಸದ ತರಬೇತಿ ವಿಶ್ವವಿದ್ಯಾಲಯದ ಹೊರಗೇ ಉಳಿಯಿತು. ಈಗ ಆ ಗೆರೆ ಅಳಿಸಿಹೋಗುತ್ತಿದೆ. ಪದವಿ ಬಂದರೆ ಅದು ಯಾವ ಶಾಲೆಯನ್ನು ಕಣ್ಮುಂದೆ ಇಟ್ಟುಕೊಂಡು ರೂಪುಗೊಳ್ಳಬೇಕು ಎಂಬುದಕ್ಕೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ (ಜನರ ಬಾಯಲ್ಲಿ ‘ಕೋಟೆ’) ಸೀಮೆ, ಅಂದರೆ ಕಬಿನಿ ಅಣೆಕಟ್ಟೆಯ ಬೀಚನಹಳ್ಳಿಯ ಸುತ್ತಲ ಊರುಗಳು, ಒಳ್ಳೆಯ ಉದಾಹರಣೆ.

ಟಿ.ಸಿ.ಎಚ್.ನಿಂದ ಡಿ.ಎಲ್.ಎಡ್.ವರೆಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕ್ಷಕರನ್ನು ತಯಾರು ಮಾಡುತ್ತಿದ್ದದ್ದು ನಾರ್ಮಲ್ ಸ್ಕೂಲುಗಳು. ಮುಂದೆ ಟಿ.ಸಿ.ಎಚ್. ಬಂತು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊದಲ ಸರ್ಕಾರಿ ಸಂಬಳ ತಂದದ್ದು ಇದೇ ಮೂರಕ್ಷರ. ಅದು ನಂತರ ಡಿ.ಎಡ್. ಆಯಿತು, ಈಗ ಡಿ.ಎಲ್.ಎಡ್. ಎನಿಸಿಕೊಂಡಿದೆ. ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ ಇದು. ಪರೀಕ್ಷೆ ನಡೆಸುವುದು ರಾಜ್ಯದ ಶಾಲಾ ಶಿಕ್ಷಣ ವ್ಯವಸ್ಥೆಯೇ, ವಿಶ್ವವಿದ್ಯಾಲಯವಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹುಟ್ಟಿತು. ಜನರ ಬಾಯಲ್ಲಿ ಅದು ‘ಡಯಟ್’. ಮೈಸೂರಿನ ಡಯಟ್ ಇರುವುದು ನಜರ್‌ಬಾದಿನ ವಸಂತಮಹಲಿನಲ್ಲಿ. ಅರಸರ ಕಾಲದ ಆ ಕಟ್ಟಡಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಕಡೆಯ ಶಿಕ್ಷಕರು ಸೇವಾನಿರತ ತರಬೇತಿಗೆಂದು ಬಂದುಹೋಗುತ್ತಾರೆ.

ಒಂದು ಕಾಲದಲ್ಲಿ ಖಾಸಗಿ ಡಿ.ಎಡ್. ಕಾಲೇಜುಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ತೆರೆದವು. ನೇಮಕಾತಿ ನಿಧಾನವಾಯಿತು, ಅದರ ಜೊತೆಗೆ ಅರ್ಹತಾ ಪರೀಕ್ಷೆಯೂ ಬಂತು. ಸೀಟು ತುಂಬದೆ ಅನೇಕ ಕಾಲೇಜುಗಳು ಬಾಗಿಲು ಹಾಕಿಕೊಂಡವು.

ನಾಲ್ಕು ವರ್ಷದ ಪದವಿಯ ಹಾದಿ

ವಿಷಯಜ್ಞಾನವನ್ನೂ ಬೋಧನೆಯನ್ನೂ ಒಂದೇ ಪದವಿಯಲ್ಲಿ ಹೆಣೆಯುವ ಪ್ರಯತ್ನ ಭಾರತದಲ್ಲಿ ಆರಂಭವಾದದ್ದು 1960ರಲ್ಲಿ, ಕುರುಕ್ಷೇತ್ರದಲ್ಲಿ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು, ಅಂದರೆ ಎನ್‌ಸಿಇಆರ್‌ಟಿ, ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನದು 1963ರಲ್ಲಿ ಶುರುವಾಯಿತು. ಮಾನಸಗಂಗೋತ್ರಿಯ ಆವರಣದ ಈ ಕಾಲೇಜು ಮೈಸೂರು ವಿಶ್ವವಿದ್ಯಾಲಯದ ಮಾನ್ಯತೆಯಲ್ಲಿ ನಾಲ್ಕು ವರ್ಷದ ಸಂಯೋಜಿತ ಪದವಿ ನೀಡಿತು. ಮುಂದೆ ಇದರ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂದಾಯಿತು. ಅದರ ಅಂಗಳದಲ್ಲೇ ಇರುವ ಪ್ರಾತ್ಯಕ್ಷಿಕ ಶಾಲೆಯಲ್ಲಿ ವಿದ್ಯಾರ್ಥಿಗಳು ಪಾಠ ಮಾಡಿ ಕಲಿಯುತ್ತಾರೆ. ಆದರೆ ಈ ಪದವಿಗಳ ಕಣ್ಣು ಬಹುಮಟ್ಟಿಗೆ ಪ್ರೌಢಶಾಲೆಯ ಮೇಲಿತ್ತು. ಪ್ರಾಥಮಿಕ ಶಾಲೆಗೆಂದೇ ನಾಲ್ಕು ವರ್ಷದ ಪದವಿ ಕಟ್ಟಿದ ಹೆಸರಾಂತ ಪ್ರಯತ್ನ ದೆಹಲಿ ವಿಶ್ವವಿದ್ಯಾಲಯದ ಬಿ.ಎಲ್.ಎಡ್. ಅದು 1994ರಲ್ಲಿ ಶುರುವಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಪದವಿಯೇ ಶಾಲಾ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು ಎಂದಿತು. ಐಟೆಪ್ ಎಂದು ಕರೆಯುವ ಈ ಪದವಿಯ ನಿಯಮಗಳು 2021ರ ಅಕ್ಟೋಬರಿನಲ್ಲಿ ಹೊರಬಿದ್ದವು. 2023–24ರಲ್ಲಿ ಆಯ್ದ ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ತರಗತಿಗಳು ಶುರುವಾದವು. ಪಿಯುಸಿ ಆದ ಮೇಲೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಂಗನವಾಡಿಯಿಂದ ಎರಡನೆಯ ತರಗತಿವರೆಗೆ ಒಂದು ಹಂತ, ಮೂರರಿಂದ ಐದು ಇನ್ನೊಂದು, ಆರರಿಂದ ಎಂಟು ಮತ್ತೊಂದು ಎಂದು ಹೊಸ ವ್ಯವಸ್ಥೆ ವಿಂಗಡಿಸುತ್ತದೆ. ಪುಟ್ಟ ಮಕ್ಕಳಿಗೆ ಕಲಿಸುವುದೂ ಒಂದು ವಿಶೇಷ ಪರಿಣತಿ ಎಂಬ ಒಪ್ಪಿಗೆ ಈ ವಿಂಗಡಣೆಯಲ್ಲಿದೆ.

ಕೋಟೆಯ ಶಾಲೆಗಳು ಕಲಿಸಿದ್ದು

ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿವರೆಗೆ 60ರವರೆಗೆ ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ಚಿಕ್ಕ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಅದಕ್ಕಿಂತಲೂ ಕಡಿಮೆ. ಅಂದರೆ ಇಬ್ಬರು ಮೇಷ್ಟ್ರು, ಐದು ತರಗತಿ. ಒಬ್ಬರು ಇಲಾಖೆಯ ಸಭೆಗೆ ಹೋದ ದಿನ ಐದೂ ತರಗತಿ ಇನ್ನೊಬ್ಬರ ಪಾಲಿಗೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳಿರುವ ಈ ಬಹುವರ್ಗ ಬೋಧನೆ ಅಪರೂಪದ ಸಂಗತಿಯೇನಲ್ಲ, ಕಾಯ್ದೆಯ ಲೆಕ್ಕದೊಳಗೇ ಅಡಗಿರುವ ಮಾಮೂಲು ಸ್ಥಿತಿ. ತರಬೇತಿ ಕಾಲೇಜಿನ ಪಾಠಯೋಜನೆ ಮಾತ್ರ ಒಂದು ತರಗತಿ, ಒಂದು ವಿಷಯ, ನಲವತ್ತು ನಿಮಿಷ ಎಂದೇ ಬರೆಸುತ್ತಾ ಬಂತು.

ಈ ಕಂದಕವನ್ನು ಮುಚ್ಚಲು ಹೊರಟವರು ಕೋಟೆ ತಾಲ್ಲೂಕಿನ ಶಿಕ್ಷಕರು. ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಅದನ್ನು ಕಣ್ಣಾರೆ ಕಂಡು ಬಂದ ಇಲ್ಲಿನ ಶಿಕ್ಷಕರು ತಾವೇ ಕೂತು ಕನ್ನಡಕ್ಕೆ ತಕ್ಕ ಕಾರ್ಡು ಬರೆದರು, ಹಾಡು ಕಟ್ಟಿದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ‘ನಲಿ-ಕಲಿ’ ಶುರುವಾಯಿತು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ಅದು ವಿಸ್ತರಿಸಿತು. ಮೂರನೆಯ ತರಗತಿ ಆಮೇಲೆ ಸೇರಿಕೊಂಡಿತು.

ನಲಿ-ಕಲಿ ಕೋಣೆಗೆ ಕಾಲಿಟ್ಟರೆ ಬೆಂಚಿನ ಸಾಲು ಕಾಣದು. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬಿಡಿಸಿದ ಚಿತ್ರ, ಕತ್ತರಿಸಿದ ಕಾಗದ ತೂಗುಹಾಕಿದ ‘ಕಲಿಕಾ ಚಪ್ಪರ’. ಗೋಡೆಯಲ್ಲಿ ‘ಕಲಿಕಾ ಏಣಿ’. ಮಗು ತಾನು ನಿಂತಿರುವ ಮೆಟ್ಟಿಲನ್ನು ನೋಡಿ, ಲಾಂಛನ ಗುರುತಿಸಿ, ಟ್ರೇಯಿಂದ ಆ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ. ಕೆಲವರು ಶಿಕ್ಷಕರ ಪಕ್ಕದಲ್ಲಿ, ಕೆಲವರು ಗೆಳೆಯರ ಸಹಾಯದಲ್ಲಿ, ಇನ್ನು ಕೆಲವರು ಸ್ವಂತವಾಗಿ ಕೂತು ಕಲಿಯುತ್ತಾರೆ. ಮಗು ನಾಲ್ಕು ದಿನ ಶಾಲೆ ತಪ್ಪಿಸಿದರೆ ಪಾಠ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಕೊಡಗಿನ ತೋಟಗಳಿಗೆ ಅಪ್ಪ-ಅಮ್ಮನ ಜೊತೆ ಹೋಗಿಬರುವ ಮಕ್ಕಳಿರುವ ಸೀಮೆಗೆ ಇದು ಹೇಳಿ ಮಾಡಿಸಿದ ವಿಧಾನ.

ಅಕ್ಷರ ಕಲಿಸುವ ಕ್ರಮವೂ ಬದಲಾಯಿತು. ವರ್ಣಮಾಲೆಯ ಅ, ಆ, ಇ, ಈ ಸಾಲಿನ ಬದಲು ಇಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ಪದಗಳಲ್ಲಿ ಪದೇ ಪದೇ ಬರುವ ಅಕ್ಷರಗಳಿವು. ಐದೇ ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯುವವರೆಗೆ ಕಾಯದೆ ಮೊದಲ ತಿಂಗಳುಗಳಲ್ಲೇ ಓದಿನ ರುಚಿ ಸಿಗುತ್ತದೆ. ಈ ಕ್ರಮದ ಹಿಂದೆ ಲಿಪಿ, ಧ್ವನಿ, ಮಗುವಿನ ಕೈಬೆರಳಿನ ಹಿಡಿತ ಎಲ್ಲದರ ತಿಳಿವಳಿಕೆ ಇದೆ.

ತರಬೇತಿಯಲ್ಲಿ ಏನಿರುತ್ತದೆ

ಬಾಲವಿಕಾಸ ಮತ್ತು ಮನೋವಿಜ್ಞಾನ, ಶಿಕ್ಷಣದ ತತ್ವ ಮತ್ತು ಸಮಾಜ, ವಿಷಯಗಳ ಬೋಧನಾಶಾಸ್ತ್ರ, ಮೌಲ್ಯಮಾಪನ, ಕಲೆ, ದೈಹಿಕ ಶಿಕ್ಷಣ, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ ಇವು ಎಲ್ಲ ಪಠ್ಯಕ್ರಮಗಳಲ್ಲೂ ಕಾಣುವ ಅಂಗಗಳು. ಕಿರುಬೋಧನೆಯಿಂದ ಶುರುವಾಗಿ ಶಾಲೆಯಲ್ಲಿ ಪಾಠ ಕೊಡುವುದು, ಸಹಪಾಠಿಗಳ ಪಾಠ ನೋಡಿ ವಿಮರ್ಶಿಸುವುದು, ಕ್ರಿಯಾಸಂಶೋಧನೆ, ರಾತ್ರಿಯೆಲ್ಲ ಕೂತು ಬರೆಯುವ ರೆಕಾರ್ಡುಗಳು ತರಬೇತಿ ಪಡೆದವರೆಲ್ಲರ ನೆನಪಿನಲ್ಲಿರುತ್ತವೆ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಅದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಪದವಿ ಮಟ್ಟದ ಓದು ಏಕೆ ಬೇಕೆಂಬುದು ತಿಳಿಯುತ್ತದೆ. 52ರಿಂದ 28 ಕಳೆಯಲು ಹೇಳಿದಾಗ ಮಗು 36 ಎಂದು ಬರೆಯುತ್ತದೆ. ತಪ್ಪು ಗುರುತು ಹಾಕಿ ಮುಂದೆ ಹೋಗುವುದು ಸುಲಭ. ಬಿಡಿಸ್ಥಾನದಲ್ಲಿ 2ರಿಂದ 8 ಹೋಗದು, ಆದ್ದರಿಂದ 8ರಿಂದಲೇ 2 ಕಳೆದಿದೆ ಎಂದು ಕಂಡುಹಿಡಿಯುವವರು ಪಳಗಿದ ಶಿಕ್ಷಕರು. ಆ ಮಗುವಿಗೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಪ್ರಯೋಜನವಿಲ್ಲ. ಹತ್ತು ಕಡ್ಡಿಯ ಕಟ್ಟೊಂದನ್ನು ಬಿಚ್ಚಿ ಹತ್ತು ಬಿಡಿ ಮಾಡಿ ತೋರಿಸಬೇಕು. ಮಗುವಿನ ತಪ್ಪಿನೊಳಗೆ ಇರುವ ತರ್ಕವನ್ನು ಓದುವ ಈ ಕಲೆ ಗಣಿತದ ಪದವಿಯೊಂದರಿಂದಲೇ ಬರುವುದಿಲ್ಲ, ಬೋಧನೆಯ ಅನುಭವವೊಂದರಿಂದಲೇ ಬರಲೂ ಬಹಳ ವರ್ಷ ಹಿಡಿಯುತ್ತದೆ.

ಅರ್ಹತೆ ಮತ್ತು ನೇಮಕಾತಿ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಕನಿಷ್ಠ ಅರ್ಹತೆಗಳನ್ನು ಗೊತ್ತುಮಾಡಿತು. ಒಂದರಿಂದ ಐದಕ್ಕೆ ಪಿಯುಸಿ ಮತ್ತು ಎರಡು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಲ್.ಎಡ್., ಆರರಿಂದ ಎಂಟಕ್ಕೆ ಪದವಿಯ ಜೊತೆ ಬಿ.ಎಡ್. ಅಥವಾ ಡಿಪ್ಲೊಮಾ. ಇವೆರಡಕ್ಕೂ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಕಡ್ಡಾಯ. ಪತ್ರಿಕೆಯೊಂದಕ್ಕೆ 150 ಅಂಕ. ಸಾಮಾನ್ಯ ವರ್ಗದವರು ಶೇ 60 ಗಳಿಸಬೇಕು.

2018ರಲ್ಲಿ ಬಿ.ಎಡ್. ಆದವರೂ ಒಂದರಿಂದ ಐದನೆಯ ತರಗತಿಗೆ ಬರಬಹುದೆಂಬ ಅಧಿಸೂಚನೆ ಹೊರಟಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸಲು ಬೇಕಾದ ಬೋಧನಾ ತರಬೇತಿ ಬಿ.ಎಡ್.ನಲ್ಲಿ ಇಲ್ಲ ಎಂಬುದು ತೀರ್ಪಿನ ತಿರುಳು. ದೊಡ್ಡ ತರಗತಿಗೆ ಕಲಿಸಬಲ್ಲವರು ಸಣ್ಣ ತರಗತಿಗೆ ಸಲೀಸಾಗಿ ಕಲಿಸಬಲ್ಲರು ಎಂಬ ಹಳೆಯ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟು ಇದು. 2025ರ ಸೆಪ್ಟೆಂಬರ್ 1ರ ಇನ್ನೊಂದು ತೀರ್ಪು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು.

ಕರ್ನಾಟಕದಲ್ಲಿ ಆರರಿಂದ ಎಂಟನೆಯ ತರಗತಿಗೆ ‘ಪದವೀಧರ ಪ್ರಾಥಮಿಕ ಶಿಕ್ಷಕರು’ ಎಂಬ ಪ್ರತ್ಯೇಕ ವೃಂದವಿದೆ. 2022ರ ಮೇ ತಿಂಗಳಲ್ಲಿ ಈ ವೃಂದದ 15,000 ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಈ ವೃಂದ ರಚನೆಯಿಂದ ನೋವೂ ಆಗಿದೆ. ಒಂದರಿಂದ ಏಳನೆಯ ತರಗತಿಗೆಂದು ನೇಮಕವಾಗಿ, ಸೇವೆಯಲ್ಲಿದ್ದುಕೊಂಡೇ ಪದವಿ ಪಡೆದ ಹಿರಿಯ ಶಿಕ್ಷಕರನ್ನು 2017ರ ನಿಯಮಗಳು ಒಂದರಿಂದ ಐದಕ್ಕೆ ಸೀಮಿತಗೊಳಿಸಿದವು. ಇದನ್ನು ಸರಿಪಡಿಸಬೇಕೆಂದು ಪ್ರಾಥಮಿಕ ಶಾಲಾ ಶಿಕ್ಷಕರು 2024ರಲ್ಲಿ ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಅವರ ಬೇಡಿಕೆ ನ್ಯಾಯವಾದದ್ದು.

ಬೇರೆ ದೇಶಗಳಲ್ಲಿ

ಫಿನ್‌ಲೆಂಡ್ 1970ರ ದಶಕದಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಯನ್ನು ಸೆಮಿನರಿಗಳಿಂದ ವಿಶ್ವವಿದ್ಯಾಲಯಗಳಿಗೆ ಒಯ್ದಿತು. ಅಲ್ಲಿ ಒಂದನೆಯ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ವಿಶ್ವವಿದ್ಯಾಲಯದ್ದೇ ಅಭ್ಯಾಸ ಶಾಲೆಗಳು ಇರುವುದರಿಂದ ಓದು ಮತ್ತು ತರಗತಿ ಜೊತೆಜೊತೆಗೆ ಸಾಗುತ್ತವೆ. ಇಂಗ್ಲೆಂಡಿನಲ್ಲಿ 1963ರ ರಾಬಿನ್ಸ್ ವರದಿಯ ನಂತರ ಶಿಕ್ಷಣ ಪದವಿ ರೂಪುಗೊಂಡಿತು.

ಹಾಡಿಯ ಮಗು ಮತ್ತು ಮನೆಮಾತು

ಮತ್ತೆ ಕೋಟೆ ಸೀಮೆಯ ಕಡೆಗೆ ಬಂದರೆ, ಹುಣಸೂರಿನಲ್ಲಿ ದೇವರಾಜ ಅರಸು ಹೆಸರಿನ ಸರ್ಕಾರಿ ಪದವಿ ಕಾಲೇಜಿದೆ. ಕೋಟೆ, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲೂ ಪ್ರಥಮ ದರ್ಜೆ ಕಾಲೇಜುಗಳಿವೆ. ಬೀಚನಹಳ್ಳಿ ಕಡೆಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಎರಡು ವರ್ಷದ ಡಿಪ್ಲೊಮಾ ಹಿಡಿಯಬಹುದು, ಊರ ಹತ್ತಿರವೇ ಮೂರು ವರ್ಷದ ಪದವಿ ಮುಗಿಸಿ ಎರಡು ವರ್ಷದ ಬಿ.ಎಡ್. ಮಾಡಬಹುದು, ಇಲ್ಲವೇ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಪದವಿಗೆ ಹೋಗಬಹುದು. ಎರಡನೆಯದಕ್ಕೆ ಹೋಲಿಸಿದರೆ ಮೂರನೆಯ ಹಾದಿಯಲ್ಲಿ ಒಂದು ವರ್ಷ ಉಳಿಯುತ್ತದೆ, ಆದರೆ ಹಾಸ್ಟೆಲ್ ಮತ್ತು ದೂರದ ಖರ್ಚು ಸೇರುತ್ತದೆ. ಹದಿನೆಂಟರ ಹುಡುಗಿಯನ್ನು ಕಳಿಸುವ ಮನೆಯವರು ಈ ಲೆಕ್ಕವನ್ನೇ ಮೊದಲು ಹಾಕುತ್ತಾರೆ.

ಅವಳು ಶಿಕ್ಷಕಿಯಾಗಿ ಮರಳಿದಾಗ ಎದುರಾಗುವ ಮಕ್ಕಳಲ್ಲಿ ಜೇನುಕುರುಬರು, ಕಾಡುಕುರುಬರು, ಯರವರೂ ಇರುತ್ತಾರೆ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಜೇನುಕುರುಬ ಮತ್ತು ಕೊರಗ ಸಮುದಾಯಗಳನ್ನು. ಹಾಡಿಯ, ಅಂದರೆ ಬುಡಕಟ್ಟು ಜನರ ನೆಲೆಯ, ಮಗುವಿನ ಮನೆಮಾತು ಪಠ್ಯಪುಸ್ತಕದ ಕನ್ನಡವಲ್ಲ. ಅದು ಮೊದಲ ದಿನ ಸುಮ್ಮನೆ ಕೂತರೆ ಬುದ್ಧಿ ಕಡಿಮೆ ಎಂದಲ್ಲ, ಮಾತು ಬೇರೆ ಎಂದರ್ಥ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ಬುಡಕಟ್ಟು ಮಕ್ಕಳಿಗೆಂದೇ ಶಾಲೆ ನಡೆಸಿಕೊಂಡು ಬಂದಿದೆ. ಮೈಸೂರಿನ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಶಾಲೆಯಲ್ಲಿ ಕಳೆಯುವ 20 ವಾರಗಳಲ್ಲಿ ಕೆಲವಾದರೂ ನಗರದ ಶಾಲೆಗಳ ಬದಲು ಇಂಥ ಕಡೆ, ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಕಳೆಯುವಂತಾಗಬೇಕು. ಜೇನು, ಗೆಡ್ಡೆಗೆಣಸು, ಆನೆಯ ಹೆಜ್ಜೆಗುರುತಿನ ಬಗ್ಗೆ ಆ ಮಕ್ಕಳಿಗೆ ಗೊತ್ತಿರುವುದನ್ನು ಕೇಳಿಸಿಕೊಂಡು, ಅದರಿಂದಲೇ ಪರಿಸರ ಅಧ್ಯಯನದ ಪಾಠವೊಂದನ್ನು ಕಟ್ಟುವುದು ರೆಕಾರ್ಡಿನಲ್ಲಿ ಬರೆಯಬೇಕಾದ ಮೊದಲ ಪಾಠಯೋಜನೆಯಾಗಬಹುದು.